ಪಂಜು ಬಂದು ಹೋಗುವ ಇಪ್ಪತ್ತಾರು ನಿಮಿಷ: ವಿಶ್ವವಿದ್ಯಾಲಯದ ಆವರಣದಲ್ಲಿ ಜ್ಯೋತಿ ಓಟವನ್ನು ನಡೆಸುವ ಬಗೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಪಂಜಿನ ಓಟ ಅಪರಿಚಿತವಾದುದಲ್ಲ. ಫೆಬ್ರವರಿ 19ರ ಶಿವಜಯಂತಿಗೆ ಶಿವನೇರಿ, ಸಿಂಹಗಡಗಳಲ್ಲಿ ಹೊತ್ತಿಸಿಕೊಂಡ ಶಿವಜ್ಯೋತಿಯನ್ನು ಹಿಡಿದು ತಂತಮ್ಮ ಊರುಗಳಿಗೆ ಓಡುವ ಹುಡುಗರ ಗುಂಪುಗಳನ್ನು ಇಲ್ಲಿನ ಹೆದ್ದಾರಿಗಳಲ್ಲಿ ನಾವೆಲ್ಲ ನೋಡಿದ್ದೇವೆ. ಜೇಜುರಿಯ ಖಂಡೋಬನ ಜಾಗರಣೆಯಲ್ಲಿ ಮರಾಠಿಗರು ಹಿಡಿಯುವ ‘ದಿವಟಿ’ ನಮ್ಮ ದೀವಟಿಗೆಯೇ, ಖಂಡೋಬ ನಮ್ಮ ಮೈಲಾರನೇ. ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತನ್ನು ಕಂಡವರೂ ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಕ್ರೀಡಾಕೂಟದ ಜ್ಯೋತಿಯೋ ಸೇನೆಯ ವಿಜಯಜ್ಯೋತಿಯೋ ಒಂದು ವಿಶ್ವವಿದ್ಯಾಲಯದ ಆವರಣವನ್ನು ಹಾದು ಹೋಗುವಾಗ ಅದನ್ನು ಬರಮಾಡಿಕೊಂಡು ಮುಂದಕ್ಕೆ ಕಳುಹಿಸಿಕೊಡುವ ಹೊಣೆ ವಿದ್ಯಾರ್ಥಿಗಳ ಮೇಲೆ ಬಿದ್ದರೆ, ಕಂಡ ಅನುಭವವೊಂದೇ ಸಾಲದು. ಈ ನಗರದ ಎರಡು ಆವರಣಗಳಲ್ಲಿ ಸ್ವಯಂಸೇವಕನಾಗಿ ದುಡಿದಾಗ ಕಲಿತದ್ದನ್ನು, ಮುಂದೆ ಇಂಥ ಹೊಣೆ ಹೊರುವ ಕನ್ನಡ ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು. ಇಂಥ ಕಾರ್ಯಕ್ರಮದಲ್ಲಿ ಎಲ್ಲರೂ ಯಾರು ಓಡಬೇಕು, ಯಾರು ಹಾರ ಹಾಕಬೇಕು, ಯಾರ ಹೆಸರನ್ನು ಮೊದಲು ಕರೆಯಬೇಕು ಎಂಬ ಚರ್ಚೆಯಿಂದಲೇ ಆರಂಭಿಸುತ್ತಾರೆ. ನೀವು ಜ್ವಾಲೆಯಿಂದ ಆರಂಭಿಸಿ. ಈ ಕ್ಷಣದಲ್ಲಿ ಜ್ವಾಲೆ ಯಾರ ಕೈಯಲ್ಲಿದೆ, ಅದು ಇನ್ನೆಷ್ಟು ಹೊತ್ತು ಉರಿಯುತ್ತದೆ, ಆರಿಹೋದರೆ ಮತ್ತೆ ಹೊತ್ತಿಸುವ ತಾಯಿದೀಪ ಎಷ್ಟು ಹೆಜ್ಜೆ ದೂರದಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಓಟದ ಯಾವ ಘಳಿಗೆಯಲ್ಲಿಯೂ ಉತ್ತರ ಹೇಳಬಲ್ಲವರೊಬ್ಬರು ನಿಮ್ಮ ತಂಡದಲ್ಲಿರಬೇಕು. ಪ್ರಾಚೀನ ಅಥೆನ್ಸಿನಲ್ಲಿ ನಡೆಯುತ್ತಿದ್ದ ಪಂಜಿನ ಓಟದ ಸ್ಪರ್ಧೆಯಲ್ಲಿ, ಉರಿಯುತ್ತಿರುವ ಪಂಜಿನೊಂದಿಗೆ ಮೊದಲು ಗುರಿ ಮುಟ್ಟಿದ ತಂಡವೇ ಗೆಲ್ಲುತ್ತಿತ್ತು. ಎಷ್ಟು ವೇಗವಾಗಿ ಓಡಿದರೂ ಪಂಜು ಆರಿದ್ದರೆ ಆ ಓಟ ಲೆಕ್ಕಕ್ಕಿರಲಿಲ್ಲ. ಇಂದಿನ ಒಲಿಂಪಿಕ್ ಜ್ಯೋತಿಯಾತ್ರೆಗೆ ಮಾತ್ರ ಅಷ್ಟು ಪ್ರಾಚೀನತೆಯಿಲ್ಲ. 1928ರ ಆಮ್‌ಸ್ಟರ್‌ಡಾಮ್ ಕೂಟದಲ್ಲಿ ಕ್ರೀಡಾಂಗಣದ ಜ್ಯೋತಿ ಮೊದಲ ಬಾರಿಗೆ ಉರಿಯಿತು. ಒಲಿಂಪಿಯಾದಲ್ಲಿ ನಿಮ್ನ ಕನ್ನಡಿಯಿಂದ ಸೂರ್ಯಕಿರಣ ಹಿಡಿದು ಹೊತ್ತಿಸಿದ ಜ್ಯೋತಿಯನ್ನು ಮೂರು ಸಾವಿರಕ್ಕೂ ಹೆಚ್ಚು ಓಟಗಾರರು ಬರ್ಲಿನ್ನಿಗೆ ತಲುಪಿಸಿದ್ದು 1936ರಲ್ಲಿ. ಅದು ನಾಜಿ ಆಡಳಿತದ ಕಾಲದಲ್ಲಿ, ಕಾರ್ಲ್ ಡೀಮ್ ಎಂಬ ಸಂಘಟಕರ ಯೋಜನೆಯಂತೆ ನಡೆದದ್ದು ಎಂಬುದನ್ನು, ‘ಸಾವಿರಾರು ವರ್ಷಗಳ ಪರಂಪರೆ’ ಎಂದು ನಿರೂಪಣೆಯ ಚೀಟಿಯಲ್ಲಿ ಬರೆಯಹೊರಟವರಿಗೆ ನೆನಪಿಸುವುದು ಒಳ್ಳೆಯದು.

ಮೊದಲ ಹೆಜ್ಜೆ: ಬರುವ ಪಂಜು ಎಂಥದು ಎಂದು ತಿಳಿದುಕೊಳ್ಳುವುದು

ಜ್ಯೋತಿಯನ್ನು ಕಳುಹಿಸುವ ಸಮಿತಿಗೆ ಪತ್ರ ಬರೆದು, ಪಂಜಿನ ಉದ್ದ, ತೂಕ, ಇಂಧನ ಮತ್ತು ಒಂದು ಸಲ ತುಂಬಿದರೆ ಉರಿಯುವ ಅವಧಿ ಎಷ್ಟು ಎಂಬುದನ್ನು ಲಿಖಿತವಾಗಿ ತರಿಸಿಕೊಳ್ಳಿ. ಒಂದು ಅಂದಾಜಿಗಾಗಿ ಹೇಳುವುದಾದರೆ, 2008ರ ಬೀಜಿಂಗ್ ಪಂಜು 72 ಸೆಂಟಿಮೀಟರ್ ಉದ್ದವಿದ್ದು 985 ಗ್ರಾಂ ತೂಗುತ್ತಿತ್ತು, ಪ್ರೊಪೇನ್ ಅನಿಲದಿಂದ ಸುಮಾರು 15 ನಿಮಿಷ ಉರಿಯುತ್ತಿತ್ತು. 2012ರ ಲಂಡನ್ ಪಂಜು 80 ಸೆಂಟಿಮೀಟರ್ ಉದ್ದ, 800 ಗ್ರಾಂ ತೂಕದ್ದು. ಒಂದು ಕಿಲೋ ಎಂದರೆ ಮಾರುಕಟ್ಟೆಯ ಚೀಲದಲ್ಲಿ ಏನೂ ಅಲ್ಲ. ಅದನ್ನೇ ತಲೆಗಿಂತ ಎತ್ತರಕ್ಕೆ, ಒಂದೇ ಕೈಯಲ್ಲಿ, ನಗುಮುಖದಿಂದ ಎತ್ತಿ ಹಿಡಿದು ಓಡಿದರೆ ಇನ್ನೂರು ಮೀಟರ್ ದಾಟುವಷ್ಟರಲ್ಲಿ ತೋಳು ನಡುಗತೊಡಗುತ್ತದೆ.

ಅನಿಲದ ಪಂಜಾದರೆ ಅದರೊಳಗಿನದು ಪ್ರೊಪೇನೋ ಬ್ಯೂಟೇನೋ ಎಂದು ಕೇಳಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಪುಣೆಯ ಜನವರಿಯ ಮುಂಜಾವಿನಲ್ಲಿ ಉಷ್ಣಾಂಶ ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಬರಿಯ ಬ್ಯೂಟೇನಿನ ಒತ್ತಡ ಕುಗ್ಗಿ ಜ್ವಾಲೆ ಸೊರಗುತ್ತದೆ. ಬತ್ತಿ ಮತ್ತು ಮೇಣದ ಪಂಜು ಸಾಧಾರಣವಾಗಿ ತೊಂದರೆ ಕೊಡುವುದಿಲ್ಲ, ಆದರೆ ಬಾಗಿಸಿದರೆ ಕರಗಿದ ಮೇಣ ಮುಂಗೈ ಮೇಲೆ ಸುರಿಯುತ್ತದೆ. ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿದ ದೀವಟಿಗೆಯನ್ನೇ ಬಳಸುವುದಾದರೆ, ಅದ್ದಿದ ಮೇಲೆ ಹಿಂಡಿ, ಹನಿ ನಿಲ್ಲುವವರೆಗೆ ಕಾದು ಹೊತ್ತಿಸಬೇಕು. ಸೀಮೆಎಣ್ಣೆ ಸಿಗಲಿಲ್ಲವೆಂದು ಬೈಕಿನಿಂದ ಪೆಟ್ರೋಲ್ ತೆಗೆಯುವ ಹುಡುಗ ಪ್ರತಿ ತಂಡದಲ್ಲಿಯೂ ಒಬ್ಬನಿರುತ್ತಾನೆ. ಅವನನ್ನು ಮೊದಲ ದಿನವೇ ಗುರುತಿಸಿ ಬೇರೆ ಕೆಲಸಕ್ಕೆ ಹಾಕಿ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಮೂವತ್ತೈದು ಡಿಗ್ರಿಗೂ ಮೇಲಿನ ಬಿಸಿ ಬೇಕು, ಪೆಟ್ರೋಲಿನ ಆವಿ ಮಂಜುಗಡ್ಡೆಯಷ್ಟು ತಣ್ಣಗಿದ್ದರೂ ಹೊತ್ತಿಕೊಳ್ಳುತ್ತದೆ.

ಎರಡನೆಯ ಹೆಜ್ಜೆ: ದಾರಿಯನ್ನು ನಡೆದು ನೋಡುವುದು

ನಕ್ಷೆಯ ಮೇಲೆ ಗೆರೆ ಎಳೆದು ದಾರಿಯನ್ನು ಅಂತಿಮಗೊಳಿಸಬಾರದು. ಓಟ ನಡೆಯುವ ವಾರದ ದಿನದಂದೇ, ಅದೇ ಹೊತ್ತಿಗೆ, ಕನಿಷ್ಠ ಎರಡು ಸಲ ನಡೆಯಬೇಕು. ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುಮಾರು 411 ಎಕರೆಯ ಈ ಆವರಣದೊಳಗೆ ವಿಭಾಗಗಳು, ವಸತಿಗೃಹಗಳು, ಜಯಕರ ಗ್ರಂಥಾಲಯ, ಖಗೋಳವಿಜ್ಞಾನದ ಸಂಶೋಧನಾ ಕೇಂದ್ರಗಳು, ಎಲ್ಲವೂ ಇವೆ. ಮುಖ್ಯ ಕಟ್ಟಡವು ಹಿಂದೆ ಮುಂಬಯಿ ಗವರ್ನರರ ಮಳೆಗಾಲದ ನಿವಾಸವಾಗಿದ್ದ, ಹತ್ತೊಂಬತ್ತನೆಯ ಶತಮಾನದ ಕಲ್ಲುಕಟ್ಟಡ. ಛಾಯಾಚಿತ್ರಕ್ಕೆ ಅದರ ಗೋಪುರಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗಲಾರದು. ಆದರೆ ಜ್ವಾಲೆಯನ್ನು ಅಂಥ ಪಾರಂಪರಿಕ ಕಟ್ಟಡದ ಒಳಗಾಗಲಿ ಮೊಗಸಾಲೆಗಾಗಲಿ ಒಯ್ಯದೆ, ಎದುರಿನ ಹುಲ್ಲುಹಾಸಿನ ಅಂಚಿನ ರಸ್ತೆಯಲ್ಲಿಯೇ ನಿಲ್ಲಿಸುವ ದಾರಿಯನ್ನು ಆರಿಸಬೇಕು. ಹೊರಗಿನ ಗಣೇಶಖಿಂಡ ರಸ್ತೆಯಂತೂ ನಗರದ ಅತಿ ದಟ್ಟಣೆಯ ರಸ್ತೆಗಳಲ್ಲೊಂದು. ಜ್ಯೋತಿಯ ವಾಹನ ಅಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಳ್ಳುತ್ತದೆಂದೇ ಲೆಕ್ಕ ಹಾಕಿ, ಅದನ್ನು ಮುಂಚಿತವಾಗಿ ಒಳಗೆ ತರಿಸಿ ನಿಲ್ಲಿಸಿಕೊಳ್ಳುವುದು ಜಾಣತನ.

ನಡೆಯುವಾಗ ಕಣ್ಣು ಮೂರು ಕಡೆ ಇರಲಿ. ಕೆಳಗೆ ರಸ್ತೆ ಉಬ್ಬು, ಚರಂಡಿಯ ಜಾಲರಿ, ಒಣಗಿದ ತರಗೆಲೆಯ ರಾಶಿ. ಫೆಬ್ರವರಿ ಮಾರ್ಚಿಯಲ್ಲಿ ಇಲ್ಲಿನ ಹುಲ್ಲೆಲ್ಲ ಗರಿಗರಿಯಾಗಿ ಒಣಗಿರುತ್ತದೆ, ಒಂದು ಕಿಡಿ ಸಾಕು. ಎದುರಿಗೆ ಸ್ವಾಗತ ಕಮಾನುಗಳು ಮತ್ತು ಫ್ಲೆಕ್ಸುಗಳು. ಫ್ಲೆಕ್ಸ್ ಉರಿದರೆ ಕರಗಿ ಹನಿಯಾಗಿ ಬೀಳುತ್ತದೆ, ಆದ್ದರಿಂದ ಪಂಜು ಹಾಯುವ ದಾರಿಗೆ ಅಡ್ಡಲಾಗಿ ಏನನ್ನೂ ಕಟ್ಟಬಾರದು. ಮೇಲ್ಗಡೆ ಕೊಂಬೆ, ತಂತಿ ಮತ್ತು ಹೆಜ್ಜೇನು. ಹಳೆಯ ಆವರಣಗಳ ದೊಡ್ಡ ಮರಗಳಲ್ಲಿಯೂ ಕಲ್ಲುಕಟ್ಟಡಗಳ ಸೂರಿನಲ್ಲಿಯೂ ಹೆಜ್ಜೇನು ಕಟ್ಟುವುದುಂಟು. ಹೊಗೆಯಾಡುವ ಸೀಮೆಎಣ್ಣೆಯ ಪಂಜು ಅದರ ಕೆಳಗೆ ಹಾದರೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಗೂಡು ಕಂಡರೆ ದಾರಿಯನ್ನೇ ಬದಲಿಸಿ.

ದಾರಿಯ ವಿಷಯದಲ್ಲಿ ಕುಲಸಚಿವರ ಕಚೇರಿಗಿಂತ ಗೇಟಿನ ಕಾವಲುಗಾರರಿಗೆ ಹೆಚ್ಚು ಗೊತ್ತಿರುತ್ತದೆ. ನಾವು ಒಂದು ಆವರಣದಲ್ಲಿ ಅಳತೆಪಟ್ಟಿ ಹಿಡಿದು ಓಡಾಡುತ್ತಿದ್ದಾಗ, ನಮ್ಮ ಮಾತು ಕೇಳಿಸಿಕೊಂಡ ಇಂಡಿ ತಾಲೂಕಿನ ಕಾವಲುಗಾರರೊಬ್ಬರು ಹತ್ತಿರ ಬಂದು, “ಸರ, ಆ ಕಮಾನಿನ್ಯಾಗ ನಿಮ್ಮ ದೊಡ್ಡ ಗಾಡಿ ಹಿಡಿಯಂಗಿಲ್ರಿ, ಹಿಂದಿನ ಗೇಟಿಗೆ ತರ್ರಿ” ಎಂದರು. ಎರಡು ವಾರ ನಕ್ಷೆ ನೋಡಿದವರಾರಿಗೂ ಅದು ಹೊಳೆದಿರಲಿಲ್ಲ.

ಮೂರನೆಯ ಹೆಜ್ಜೆ: ಅನುಮತಿಗಳು

ವಿಶ್ವವಿದ್ಯಾಲಯದ ಒಳಗೆ ಕುಲಸಚಿವರು, ಭದ್ರತಾ ಅಧಿಕಾರಿ, ಕ್ರೀಡಾ ವಿಭಾಗ ಮತ್ತು ಪರೀಕ್ಷಾ ವಿಭಾಗ, ಈ ನಾಲ್ವರ ಒಪ್ಪಿಗೆಯನ್ನು ಪತ್ರದಲ್ಲಿಯೇ ಪಡೆಯಿರಿ. ಪರೀಕ್ಷಾ ವಿಭಾಗವನ್ನು ಮರೆಯುವವರೇ ಹೆಚ್ಚು. ಬಳಿಕ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ಡೊಳ್ಳು ಬಡಿಯುತ್ತದೆ.

ಹೊರಗಿನ ಅನುಮತಿಯೆಂದರೆ ಸ್ಥಳೀಯ ಪೊಲೀಸ್ ಠಾಣೆ ಮತ್ತು ಸಂಚಾರ ವಿಭಾಗ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೆಯ ಕಲಮಿನಡಿ ಪೊಲೀಸ್ ಆಯುಕ್ತರು ಆಯುಧಗಳನ್ನು, ದಾಹಕ ಮತ್ತು ಸ್ಫೋಟಕ ವಸ್ತುಗಳನ್ನು ಒಯ್ಯುವುದನ್ನೂ ಗುಂಪುಗೂಡಿ ಮೆರವಣಿಗೆ ಮಾಡುವುದನ್ನೂ ನಿರ್ಬಂಧಿಸುವ ಆದೇಶ ಹೊರಡಿಸಬಲ್ಲರು. ಗುಂಪು ಮತ್ತು ಮೆರವಣಿಗೆಯ ಮೇಲಿನ ನಿರ್ಬಂಧ ರಾಜ್ಯ ಸರ್ಕಾರದ ಮಂಜೂರಾತಿಯಿಲ್ಲದೆ ಹದಿನೈದು ದಿನಕ್ಕಿಂತ ಹೆಚ್ಚು ಜಾರಿಯಲ್ಲಿರುವಂತಿಲ್ಲ. ಹೀಗಾಗಿ ತಿಂಗಳ ಹಿಂದೆ ನೀವು ವಿಚಾರಿಸಿದಾಗ ಇಲ್ಲದಿದ್ದ ಆದೇಶ ಓಟದ ದಿನಕ್ಕೆ ಬಂದಿರಬಹುದು. ಮೂರು ವಾರ ಮೊದಲು ಅರ್ಜಿ ಕೊಟ್ಟು, ಓಟದ ವಾರದಲ್ಲಿ ಮತ್ತೊಮ್ಮೆ ಠಾಣೆಗೆ ಹೋಗಿ ಕೇಳಿ. ಅರ್ಜಿಯನ್ನು ಮರಾಠಿಯಲ್ಲಿಯೇ ಬರೆಸಿ. ಅದರಲ್ಲಿ ‘ಮಶಾಲ್’ ಎಂಬ ಪದದ ಜೊತೆಗೆ ಇಂಧನ ಯಾವುದು, ಪಂಜುಗಳು ಎಷ್ಟು, ಓಡುವವರು ಎಷ್ಟು ಜನ ಎಂಬುದು ಸ್ಪಷ್ಟವಾಗಿರಲಿ.

ಧ್ವನಿವರ್ಧಕದ ವಿಷಯ ಬೇರೆ. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ಶಿಕ್ಷಣಸಂಸ್ಥೆಗಳ ಸುತ್ತ ನೂರು ಮೀಟರ್‌ವರೆಗಿನ ಪ್ರದೇಶವನ್ನು ಮೌನವಲಯವೆಂದು ಘೋಷಿಸಬಹುದು, ಮೌನವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್, ಅಂದರೆ ಇಬ್ಬರ ಮೆಲುಮಾತಿಗಿಂತ ಹೆಚ್ಚೇನಲ್ಲ. ಡಿಜೆ ಗಾಡಿ ಬೇಡವೇ ಬೇಡ. ಲೇಜಿಮ್ ಅಥವಾ ಒಂದೆರಡು ಡೊಳ್ಳುಗಳನ್ನು ಗೇಟಿನ ಬಳಿ ಮಾತ್ರ ಇಟ್ಟುಕೊಂಡು, ವಿಭಾಗಗಳ ನಡುವಿನ ದಾರಿಯನ್ನು ಚಪ್ಪಾಳೆಗೆ ಬಿಟ್ಟುಕೊಡಿ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಶೋಭಿಸುತ್ತದೆ. ಡ್ರೋನ್ ಹಾರಿಸುವ ಆಸೆಯಿದ್ದವರು, ಡ್ರೋನ್ ಹಾರಾಟಕ್ಕಾಗಿ ಸರ್ಕಾರ ನಡೆಸುವ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಸ್ಥಳದ ವಲಯ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ನಿಮಿಷಗಳ ಲೆಕ್ಕ

ದಾರಿ 1,800 ಮೀಟರ್ ಎಂದುಕೊಳ್ಳೋಣ. ಒಬ್ಬರಿಗೆ 150 ಮೀಟರಿನಂತೆ ಹನ್ನೆರಡು ಜನ. ಪಂಜು ಹಿಡಿದು ನಿಧಾನವಾಗಿ ಓಡುವವರಿಗೆ ಅಷ್ಟು ದೂರಕ್ಕೆ ಒಂದೂವರೆ ನಿಮಿಷ ಬೇಕು. ಹನ್ನೆರಡು ಜನಕ್ಕೆ ಹದಿನೆಂಟು ನಿಮಿಷ. ನಡುವೆ ಹನ್ನೊಂದು ಕೈಬದಲಿಗಳು. ಒಂದೊಂದಕ್ಕೂ ನಲವತ್ತು ಸೆಕೆಂಡಿನಂತೆ ಏಳು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಎಲ್ಲ ಸೇರಿ ಇಪ್ಪತ್ತೈದು ನಿಮಿಷ ದಾಟುತ್ತದೆ, ಇಪ್ಪತ್ತಾರು ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ ಬೇರೆ ಪಂಜು ಇದ್ದರೆ ಹದಿನೈದು ನಿಮಿಷ ಉರಿಯುವ ಅನಿಲ ಧಾರಾಳವಾಯಿತು. ಒಂದೇ ಪಂಜು ಕೈಯಿಂದ ಕೈಗೆ ಸಾಗುವುದಾದರೆ ಅದು ದಾರಿಯ ಮಧ್ಯದಲ್ಲಿ ಖಂಡಿತ ಆರುತ್ತದೆ. ಆದ್ದರಿಂದ ಆರನೆಯ ಓಟಗಾರರ ಕೊನೆಯಲ್ಲಿ, ಅಂದರೆ ಹದಿಮೂರನೆಯ ನಿಮಿಷದ ಒಳಗೆ, ತುಂಬಿದ ಎರಡನೆಯ ಪಂಜಿಗೆ ಜ್ವಾಲೆಯನ್ನು ವರ್ಗಾಯಿಸುವ ಜಾಗವನ್ನು ಗುರುತಿಸಿಟ್ಟಿರಬೇಕು. ಈ ಲೆಕ್ಕವನ್ನು ಮಾಡದೆ ಹೋದವರು ಕೊನೆಯ ಭಾಗದಲ್ಲಿ ಆರಿದ ಪಂಜನ್ನು ಉರಿಯುತ್ತಿರುವಂತೆ ಎತ್ತಿ ಹಿಡಿದು ಓಡಿದ್ದನ್ನು ನಾನು ಕಂಡಿದ್ದೇನೆ.

ಭಾಷಣಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಆರಂಭದಲ್ಲಿ, ಪಂಜು ಹೊತ್ತಿಸುವ ಮೊದಲೇ ಮುಗಿಯಲಿ. ಇಡೀ ದೇಶ ಸುತ್ತುವ ಜ್ಯೋತಿಗೆ ನಮ್ಮ ಆವರಣ ಒಂದು ಸಣ್ಣ ನಿಲ್ದಾಣ ಮಾತ್ರ. 2022ರ ಚೆಸ್ ಒಲಿಂಪಿಯಾಡಿನ ಜ್ಯೋತಿ ನಲವತ್ತು ದಿನಗಳಲ್ಲಿ ಎಪ್ಪತ್ತೈದು ನಗರಗಳನ್ನು ಮುಟ್ಟಬೇಕಾಗಿತ್ತು. ಅಂದರೆ ದಿನಕ್ಕೆ ಹೆಚ್ಚುಕಡಿಮೆ ಎರಡು ಊರು. ಅಂಥದರಲ್ಲಿ ನಾವು ತಡಮಾಡಿದ ಅರ್ಧ ಗಂಟೆಯನ್ನು ಮುಂದಿನ ಊರಿನ ಮಕ್ಕಳು ಬಿಸಿಲಲ್ಲಿ ನಿಂತು ತೀರಿಸುತ್ತಾರೆ.

ಐದನೆಯ ಹೆಜ್ಜೆ: ಓಡುವವರು

ಪದಕ ಗೆದ್ದ ವಿದ್ಯಾರ್ಥಿಗಳು, ಎನ್‌ಸಿಸಿ, ಎನ್‌ಎಸ್‌ಎಸ್ ತಂಡದವರು ಇರಲಿ. ಹನ್ನೆರಡರಲ್ಲಿ ನಾಲ್ಕು ಸ್ಥಾನಗಳನ್ನಾದರೂ ಮೆಸ್ಸಿನಲ್ಲಿ ಅಡುಗೆ ಮಾಡುವವರಿಗೆ, ತೋಟದವರಿಗೆ, ಗ್ರಂಥಾಲಯದ ಸಿಬ್ಬಂದಿಗೆ ಮೀಸಲಿಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಆವರಣದಲ್ಲಿ ಹೆಚ್ಚು ಜನ ಗುರುತಿಸುವುದು ಅವರನ್ನೇ, ಚಪ್ಪಾಳೆಯೂ ಅವರಿಗೇ ಜೋರಾಗಿ ಬೀಳುತ್ತದೆ. ಗಾಲಿಕುರ್ಚಿಯಲ್ಲಿ ಬರುವವರೊಬ್ಬರಿದ್ದರೆ ಉಬ್ಬುಗಳಿಲ್ಲದ ಸಮತಟ್ಟಾದ ಭಾಗವನ್ನು ಅವರಿಗೆ ಕೊಟ್ಟು, ಕುರ್ಚಿಯ ತೋಳಿಗೆ ಪಂಜನ್ನು ಸಿಕ್ಕಿಸುವ ಹಿಡಿಕೆಯನ್ನು ಹಿಂದಿನ ದಿನವೇ ಅಳವಡಿಸಿ ನೋಡಬೇಕು.

ಬಟ್ಟೆಯ ಬಗ್ಗೆ ಕಟ್ಟುನಿಟ್ಟಾಗಿರಿ. ಪ್ರಾಯೋಜಕರು ಕೊಡುವ ಟೀ ಶರ್ಟುಗಳು ಸಾಮಾನ್ಯವಾಗಿ ಪಾಲಿಯೆಸ್ಟರ್; ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಪಂಜು ಹಿಡಿಯುವ ಹನ್ನೆರಡು ಜನಕ್ಕಾದರೂ ಹತ್ತಿಯದನ್ನೇ ಹೊಲಿಸಿ. ದುಪಟ್ಟಾ, ಶಾಲು, ಉದ್ದ ಹಾರ ಬೇಡ. ಜಡೆಯನ್ನು ಸುತ್ತಿ ಕಟ್ಟಿರಬೇಕು. ತಲೆಗೂದಲಿಗೆ ಆಗಷ್ಟೇ ಸ್ಪ್ರೇ ಹೊಡೆದುಕೊಂಡವರನ್ನು ಹಿಂದಕ್ಕೆ ಕಳುಹಿಸಿ.

ಆರನೆಯ ಹೆಜ್ಜೆ: ಕೈಬದಲಿ

ಓಟದ ಎಲ್ಲ ಅನಾಹುತಗಳೂ ಆಗುವುದು ಇಲ್ಲಿಯೇ. ಒಂದು ಆವರಣದಲ್ಲಿ ನಾಲ್ಕನೆಯ ಕೈಬದಲಿಯ ಜಾಗಕ್ಕೆ ನಮ್ಮ ಪಂಜು ತಲುಪಿದಾಗ ಐದನೆಯವರು ಅಲ್ಲಿರಲಿಲ್ಲ. ಗೆಳೆಯರೊಂದಿಗೆ ಸೆಲ್ಫಿ ತೆಗೆದುಕೊಳ್ಳುತ್ತ ಇನ್ನೂರು ಹೆಜ್ಜೆ ದೂರದಲ್ಲಿದ್ದರು. ಕಾಯುತ್ತಿರುವಾಗಲೇ ಗಾಳಿಗೆ ಪಂಜು ಆರಿತು. ತಾಯಿದೀಪದ ಲಾಟೀನು ವಾಹನದಲ್ಲಿತ್ತು, ವಾಹನವನ್ನು ತಡೆಗೋಲಿನ ಆಚೆ ನಿಲ್ಲಿಸಲಾಗಿತ್ತು. ಆಗ ಗುಂಪಿನಿಂದ ಯಾರೋ ಸಿಗರೇಟಿನ ಲೈಟರ್ ಚಾಚಿದರು, ನಾವು ಅದನ್ನೇ ಬಳಸಿದೆವು. ಇದು ನಮಗೊಬ್ಬರಿಗೇ ಆದ ಅವಮಾನವಲ್ಲವೆಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. 1976ರ ಮಾಂಟ್ರಿಯಲ್ ಕೂಟದ ಜ್ಯೋತಿ ಮಳೆಗೆ ಆರಿದಾಗ ಅಧಿಕಾರಿಯೊಬ್ಬರು ಸಿಗರೇಟ್ ಲೈಟರಿನಿಂದಲೇ ಹೊತ್ತಿಸಿದ್ದರು; ಬಳಿಕ ಅದನ್ನು ನಂದಿಸಿ, ಕಾಪಿಟ್ಟಿದ್ದ ಮೂಲ ಜ್ವಾಲೆಯಿಂದ ಮತ್ತೆ ಹೊತ್ತಿಸಲಾಯಿತು. 2013ರಲ್ಲಿ ಸೋಚಿಯ ಜ್ಯೋತಿಯಾತ್ರೆಯ ಪಂಜು ಮಾಸ್ಕೋದ ಕ್ರೆಮ್ಲಿನ್ನಿನಲ್ಲಿ ಆರಿದಾಗಲೂ ಲೈಟರೇ ನೆರವಿಗೆ ಬಂತು.

ಆದ್ದರಿಂದ ತಾಯಿದೀಪ ವಾಹನದಲ್ಲಿ ಕೂರಬಾರದು, ಪಂಜಿನ ಹಿಂದೆ ಹತ್ತು ಹೆಜ್ಜೆಯಲ್ಲಿ ಒಬ್ಬರ ಕೈಯಲ್ಲಿ ನಡೆದು ಬರಬೇಕು. ಒಲಿಂಪಿಕ್ ಯಾತ್ರೆಗಳಲ್ಲಿ ಇದಕ್ಕೆ ಗಣಿಗಾರರ ಸುರಕ್ಷಾ ದೀಪವನ್ನು ಬಳಸುತ್ತಾರೆ. ನಮಗೆ ಗಾಜು ಗಟ್ಟಿಯಾಗಿರುವ ಎರಡು ಒಳ್ಳೆಯ ಲಾಟೀನುಗಳು ಸಾಕು. ಮಳೆಗಾಲವಾದರೆ ಒಂದು ಕೊಡೆ ಸದಾ ಲಾಟೀನಿಗೇ ಮೀಸಲು, ಮುಖ್ಯ ಅತಿಥಿಗಲ್ಲ.

ಕೈಬದಲಿಯ ಕ್ರಮ ಹೀಗಿರಲಿ. ನೆಲದ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಬರೆದು ಅಂಕೆ ಹಾಕಿ. ಪಂಜು ಎರಡು ಸ್ಥಾನ ಹಿಂದಿರುವಾಗಲೇ ಮುಂದಿನವರು ತಮ್ಮ ವೃತ್ತದೊಳಗೆ ನಿಂತಿರಬೇಕು, ಜೊತೆಗೊಬ್ಬ ಸ್ವಯಂಸೇವಕರಿರಬೇಕು. ಬಂದವರು ಪೂರ್ತಿ ನಿಂತ ಮೇಲೆಯೇ ಮುಂದಿನ ಪಂಜಿನ ಅನಿಲದ ಕೀಲಿಯನ್ನು ತಿರುಗಿಸಬೇಕು. ಮೊದಲೇ ತೆರೆದಿಟ್ಟರೆ ಅನಿಲ ಸುತ್ತ ಹರಡಿ, ಜ್ವಾಲೆ ಮುಟ್ಟಿದಾಗ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕೀಲಿ ಓಟಗಾರರ ಬಳಿ ಇರಬಾರದು, ತರಬೇತಾದ ಒಬ್ಬರ ಕೊರಳಲ್ಲಿಯೇ ಇರಬೇಕು. ಇಬ್ಬರೂ ಗಾಳಿಗೆ ಅಡ್ಡಲಾಗಿ ಎದುರುಬದುರು ನಿಂತು, ತೆಗೆದುಕೊಳ್ಳುವವರು ತಮ್ಮ ಪಂಜನ್ನು ನೆಟ್ಟಗೆ ಅಲುಗಾಡದಂತೆ ಹಿಡಿಯಬೇಕು, ಕೊಡುವವರು ಮಾತ್ರ ತಮ್ಮದನ್ನು ಬಾಗಿಸಬೇಕು. ಇಬ್ಬರೂ ಬಾಗಿಸಿದರೆ ಜ್ವಾಲೆಗಳು ಒಂದನ್ನೊಂದು ತಪ್ಪಿಸಿಕೊಂಡು ಮುಖದ ಕಡೆಗೆ ತಿರುಗುತ್ತವೆ. ಹೊಸ ಜ್ವಾಲೆ ನೆಲೆಗೊಂಡ ಮೇಲೆ ಐದರವರೆಗೆ ಎಣಿಸಿ, “ಸಾವಕಾಶ” ಎಂದು ಹೇಳಿ ಕಳುಹಿಸಿ. ವಿಜಯಪುರದವರಿಗೂ ಪುಣೆಯ ಸದಾಶಿವ ಪೇಟೆಯವರಿಗೂ ತಿಳಿಯುವ ಒಂದೇ ಶಬ್ದ ಅದು. ಇದನ್ನು ಹಿಂದಿನ ದಿನ ಪಂಜು ಹೊತ್ತಿಸದೆ ಮೂರು ಸಲ, ಹೊತ್ತಿಸಿ ಒಂದು ಸಲ ಅಭ್ಯಾಸ ಮಾಡಿಸಬೇಕು.

ಏಳನೆಯ ಹೆಜ್ಜೆ: ಬೆಂಕಿಯ ಕಾವಲು

ಪಂಜಿನ ಮುಂದೆ ಒಬ್ಬರು, ಹಿಂದೆ ಒಬ್ಬರು ಅಗ್ನಿಶಾಮಕ ಸಿಲಿಂಡರ್ ಹೊತ್ತು ನಡೆಯಬೇಕು. ಅದರ ಪಿನ್ನು ಎಳೆಯುವುದನ್ನು ಅವರು ಮೊದಲೇ ಕೈಯಾರೆ ಮಾಡಿ ನೋಡಿರಬೇಕು. ಪ್ರತಿ ವೃತ್ತದ ಬಳಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು, ನೆನೆಸಿದ ಒಂದು ಗೋಣಿಚೀಲ. ಗೋಣಿಚೀಲವನ್ನು ಕಂಡು ನಗುವವರಿದ್ದಾರೆ. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದಾಗ ಅದಕ್ಕಿಂತ ಬೇಗ ಕೈಗೆ ಸಿಗುವ ಸಾಧನವಿಲ್ಲ. ಅನಿಲ ತುಂಬುವ ಕೆಲಸ ಬಯಲಿನಲ್ಲಿಯೇ ಆಗಬೇಕು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ಮೇಲೇರದೆ ನೆಲಮಾಳಿಗೆಯಲ್ಲಿ, ಚರಂಡಿಯಲ್ಲಿ ಮಡುಗಟ್ಟುತ್ತದೆ. ಸುಟ್ಟಗಾಯಕ್ಕೆ ಟೂತ್‌ಪೇಸ್ಟು, ಶಾಯಿ, ಅರಿಸಿನ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಸಿ. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101 ಎಂಬ ಸಂಖ್ಯೆಗಳನ್ನು ಸ್ವಯಂಸೇವಕರ ಗುರುತಿನ ಚೀಟಿಯ ಹಿಂಬದಿಯಲ್ಲಿಯೇ ಅಚ್ಚುಹಾಕಿಸಿ.

ಜನರನ್ನು ಜ್ವಾಲೆಯಿಂದ ಮೂರು ಮೀಟರ್ ದೂರದಲ್ಲಿಡಲು ಹಗ್ಗ ಹಿಡಿದ ವಿದ್ಯಾರ್ಥಿಗಳ ಸಾಲು ಸಾಕಾಗುತ್ತದೆ. ಛಾಯಾಗ್ರಾಹಕರು ಓಟಗಾರರ ಎದುರಿಗೆ ಹಿಮ್ಮುಖವಾಗಿ ಓಡುತ್ತ ಉಬ್ಬಿಗೆ ಎಡವಿ ಬೀಳುತ್ತಾರೆ. ಅವರಿಗೆ ಎರಡು ನಿಶ್ಚಿತ ಜಾಗಗಳನ್ನು ಕೊಟ್ಟು ಅಲ್ಲಿಯೇ ನಿಲ್ಲಿಸಿ.

ಕೊನೆಯ ಹೆಜ್ಜೆ: ಕಳುಹಿಸಿಕೊಟ್ಟ ಮೇಲೆ

ಜ್ಯೋತಿ ಗೇಟು ದಾಟಿದೊಡನೆ ಎಲ್ಲರೂ ಉಪಾಹಾರದ ಕಡೆಗೆ ಓಡುತ್ತಾರೆ, ಆಗ ಕೆಲಸ ಇನ್ನೂ ಉಳಿದಿರುತ್ತದೆ. ಆರಿಸಿದ ಪಂಜಿನ ತಲೆ ಹತ್ತು ಹದಿನೈದು ನಿಮಿಷ ಕೈ ಸುಡುವಷ್ಟು ಬಿಸಿಯಿರುತ್ತದೆ. ಅದನ್ನು ಹುಲ್ಲಿನ ಮೇಲೂ ಕಾರಿನ ಸೀಟಿನ ಮೇಲೂ ಇಡದೆ ಮರಳಿನ ಬಕೆಟ್ಟಿನಲ್ಲಿ ಊರಿ ನಿಲ್ಲಿಸಬೇಕು. ನೆನಪಿಗಾಗಿ ಪಂಜನ್ನು ಮನೆಗೆ ಒಯ್ಯುವ ಅವಕಾಶವಿದ್ದರೆ, ಅನಿಲದ ಡಬ್ಬಿಯನ್ನು ಕಳಚಿದ ಮೇಲೆಯೇ ಕೊಡಬೇಕು. ಇಬ್ಬರು ದಾರಿಯನ್ನು ಮತ್ತೊಮ್ಮೆ ಪೂರ್ತಿ ನಡೆದು, ತರಗೆಲೆಯಲ್ಲಿ ಎಲ್ಲಿಯಾದರೂ ಹೊಗೆಯಾಡುತ್ತಿದೆಯೇ ಎಂದು ನೋಡಿ, ಅರ್ಧ ಗಂಟೆಯ ನಂತರ ಇನ್ನೊಮ್ಮೆ ನಡೆಯಬೇಕು. ಸುಣ್ಣದ ವೃತ್ತಗಳನ್ನು ತೊಳೆಸಿ, ಬಕೆಟ್ಟುಗಳನ್ನು ವಸತಿಗೃಹಗಳಿಗೆ ಹಿಂದಿರುಗಿಸಿ, ಕೊರಳಲ್ಲಿದ್ದ ಕೀಲಿಗಳನ್ನು ಎಣಿಸಿ ಸಮಿತಿಯವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಿ. ಲಾಟೀನುಗಳನ್ನು ಮಾತ್ರ, ಜ್ಯೋತಿ ಮುಂದಿನ ನಿಲ್ದಾಣ ತಲುಪಿದೆಯೆಂಬ ಫೋನು ಬರುವವರೆಗೆ ಆರಿಸಬೇಡಿ.